ಎರಡು ಫೂಟಿನ ಕಟ್ಟೆ

ಮನೆಯ ವಿನ್ಯಾಸ ಎಂಬುದು ಎಂಜಿನಿಯರನ ತಲೆಯಲ್ಲಿ ಹುಟ್ಟುತ್ತದೆ ಎಂದು ನೀವು ತಿಳಿದಿದ್ದರೆ, ನೀವಿನ್ನೂ ಮನೆ ಕಟ್ಟಿಸಿಲ್ಲ ಎಂದು ಅರ್ಥ. ನಾನೂ ಹಾಗೆಯೇ ತಿಳಿದಿದ್ದೆ. ಈಗ ಕಟ್ಟಿಸಿ, ಹೊಕ್ಕು, ಒಂದು ಮಳೆಗಾಲವನ್ನೂ ಅದರಲ್ಲಿ ಕಳೆದ ಮೇಲೆ ಹೇಳುತ್ತಿದ್ದೇನೆ. ಅದು ಹೆಂಡತಿಯ ತಮ್ಮನ ಮೊಬೈಲಿನಲ್ಲಿ ಹುಟ್ಟುತ್ತದೆ, ನೋಡಲು ಬಂದ ನೆಂಟರ ಕಾಲಡಿಯಲ್ಲಿ ಬೆಳೆಯುತ್ತದೆ, ಮನೆಯ ಯಜಮಾನ ಎನ್ನಿಸಿಕೊಂಡವನಿಗೆ ಎಲ್ಲರಿಗಿಂತ ಕೊನೆಗೆ ಗೊತ್ತಾಗುತ್ತದೆ. ಮೂವತ್ತನಾಲ್ಕು ವರ್ಷ ಸವಣೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ನಾನು. ಆಯತ, ಚೌಕ, ಸುತ್ತಳತೆ, ಕ್ಷೇತ್ರಫಲ ಎಂದು ಹೇಳಿ ಹೇಳಿ ಗಂಟಲು ಸವೆದಿದೆ. ಅಂಥವನಿಗೆ ಮೂವತ್ತು ನಲವತ್ತರ ಸೈಟಿನಲ್ಲಿ ತನಗೆ ಬೇಕಾದ ಎರಡು ಫೂಟು ಜಾಗ ಉಳಿಸಿಕೊಳ್ಳಲು ಆಗಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಇಲ್ಲಿಗೇ ನಿಲ್ಲಿಸಬೇಕು.

ನನಗೆ ಬೇಕಾಗಿದ್ದದ್ದು ಒಂದು ಕಟ್ಟೆ. ಬಾಗಿಲ ಪಕ್ಕ, ಗೋಡೆಗೆ ಹತ್ತಿ, ಇಬ್ಬರು ಕಾಲು ಇಳಿಬಿಟ್ಟು ಕೂಡುವಷ್ಟು. ನಾವು ಹನ್ನೊಂದು ವರ್ಷ ಬಾಡಿಗೆಗಿದ್ದ ಮನೆಗೆ ಅಂಥದೊಂದು ಕಟ್ಟೆ ಇತ್ತು. ಆ ಮನೆಯ ಮಾಡು ಸೋರುತ್ತಿತ್ತು. ಬಚ್ಚಲಿನ ಬಾಗಿಲು ಹಾಕಿದರೆ ತೆರೆಯುತ್ತಿರಲಿಲ್ಲ, ತೆರೆದರೆ ಹಾಕಲು ಬರುತ್ತಿರಲಿಲ್ಲ. ಆದರೆ ದಿನಾ ಸಂಜೆ ಐದರ ಸುಮಾರಿಗೆ ಆ ಕಟ್ಟೆಯ ಮೇಲೆ ಫಕೀರಪ್ಪ ಬಂದು ಕೂಡುತ್ತಿದ್ದ. ಹಾನಗಲ್ಲಿನ ದಾರಿಯ ಬಸ್ಸುಗಳಲ್ಲಿ ಕಂಡಕ್ಟರಾಗಿ ದುಡಿದು ನಿವೃತ್ತನಾಗಿ, ಹೊಲ ನೋಡಿಕೊಂಡಿರುವ ಮನುಷ್ಯ. ಹೊಲದಿಂದ ನೇರ ಬರುತ್ತಿದ್ದುದರಿಂದ ಮೊಣಕಾಲತನಕ ಎರೆಮಣ್ಣು. ಅವನು ಬಂದು ಕೂತ ಮೇಲೆ ನಾನು ಒಳಗಿನಿಂದ ಹೊರಗೆ ಬಂದು ಪಕ್ಕದಲ್ಲಿ ಕೂಡುತ್ತಿದ್ದೆ. ದೀಪ ಹಚ್ಚುವ ಹೊತ್ತಿನವರೆಗೆ ಏನಾದರೂ ಮಾತು ನಡೆಯುತ್ತಿತ್ತು, ಕೆಲವೊಮ್ಮೆ ನಡೆಯುತ್ತಲೂ ಇರಲಿಲ್ಲ.

ಕಟ್ಟೆಯ ಮೇಲೆ ಕೂತವನು ನಮ್ಮ ಕಡೆ ಅತಿಥಿಯಲ್ಲ. ಅವನಿಗೆ ಬಾ ಎನ್ನಬೇಕಾಗಿಲ್ಲ. ಅವನು ಚಪ್ಪಲಿ ಬಿಡಬೇಕಾಗಿಲ್ಲ, ಚಹಾ ಕೊಡಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಕಾಗಿಲ್ಲ. ಹೋಗುವಾಗ ಹೇಳಿ ಹೋಗುವ ಪದ್ಧತಿಯೂ ಇಲ್ಲ, ಎದ್ದು ಧೋತರ ಝಾಡಿಸಿದರೆ ಮುಗಿಯಿತು. ನಮ್ಮದು ಮಡಿ, ಏಕಾದಶಿ ಎಂದು ಇನ್ನೂ ಅಷ್ಟಿಷ್ಟು ನಡೆಸಿಕೊಂಡು ಬಂದ ಮನೆ. ಒಳಗೆ ಯಾರು, ಹೊರಗೆ ಯಾರು ಎಂಬ ತಕರಾರು ನಮ್ಮ ಹಿರಿಯರ ಕಾಲದಲ್ಲಿ ಬಹಳವೇ ಇತ್ತು. ಕಟ್ಟೆಯ ಮೇಲೆ ಆ ತಕರಾರಿಗೆ ಜಾಗವಿರಲಿಲ್ಲ. ನಾನೂ ಹೊರಗೆ, ಅವನೂ ಹೊರಗೆ. ಹನ್ನೊಂದು ವರ್ಷದಲ್ಲಿ ನನಗೆ ಸಿಕ್ಕ ಒಬ್ಬನೇ ಗೆಳೆಯ ಆ ಎರಡು ಫೂಟು ಅಗಲದ ಮೇಲೆ ಸಿಕ್ಕವನು ಎಂದರೆ ಅದರ ಬೆಲೆ ನಿಮಗೆ ತಿಳಿದೀತು.

ಹೀಗಾಗಿ ಶಿಗ್ಗಾಂವಿ ರಸ್ತೆಯ ಹೊಸ ಬಡಾವಣೆಯ ಸೈಟಿನಲ್ಲಿ ಮನೆ ಕಟ್ಟಿಸುವುದೆಂದಾದಾಗ ನಾನು ಎಂಜಿನಿಯರನಿಗೆ ಮೊದಲು ಹೇಳಿದ್ದೇ ಕಟ್ಟೆಯ ಮಾತು. ಹಾನಗಲ್ಲಿನ ಆ ಹುಡುಗ ವಿನಯವಂತ. "ಆಗ್ಲಿ ಸರ, ಕಟ್ಟಿ ಇರ್ಲಿ," ಎಂದು ಡೈರಿಯಲ್ಲಿ ಬರೆದುಕೊಂಡು ಕೆಳಗೊಂದು ಗೆರೆ ಬೇರೆ ಎಳೆದ. ನಕ್ಷೆಯಲ್ಲಿಯೂ ಕಟ್ಟೆ ಬಂತು. ಬಾಗಿಲ ಎಡಕ್ಕೆ ಒಂದು ಉದ್ದನೆಯ ಆಯತ. ನಾನು ಆ ನಕ್ಷೆಯನ್ನು ಫಕೀರಪ್ಪನಿಗೂ ತೋರಿಸಿದೆ. ಅವನು ಕಟ್ಟೆಯನ್ನು ಬೆರಳಿನಿಂದ ಮುಟ್ಟಿ, "ಗ್ವಾಡೀಗೆ ಸ್ವಲ್ಪ ಒರಗಾಕ ಬರೂಹಂಗ ಮಾಡಸ್ರಿ ಮಾಸ್ತರ, ನನ್ನ ಬೆನ್ನಿನ ಕಥಿ ನಿಮಗ ಗೊತ್ತೈತಲ್ಲ," ಎಂದ. ಅದನ್ನೂ ಬರೆಸಿದೆ.

ಆಮೇಲೆ ಬಂದವನು ಪ್ರಲ್ಹಾದ. ಪ್ರಲ್ಹಾದ ನನ್ನ ಹೆಂಡತಿ ಸುಧಾಳ ತಮ್ಮ, ಹಿರೇಕೆರೂರಿನಲ್ಲಿ ಇರುತ್ತಾನೆ. ಅವನ ಮೊಬೈಲಿನಲ್ಲಿ ಜಗತ್ತಿನ ಎಲ್ಲ ಮನೆಗಳ ಫೋಟೋ ಇವೆ. ಆ ಫೋಟೋಗಳ ಒಂದು ವಿಶೇಷವೆಂದರೆ ಯಾವ ಮನೆಯಲ್ಲಿಯೂ ಮನುಷ್ಯರಿರುವುದಿಲ್ಲ, ಒಗೆದ ಬಟ್ಟೆ ಒಣಹಾಕಿರುವುದಿಲ್ಲ, ಉಪ್ಪಿನಕಾಯಿಯ ಭರಣಿ ಎಲ್ಲೂ ಕಾಣುವುದಿಲ್ಲ. ಅವನ ಪಾಲಿಗೆ ಮನೆಯ ವಿನ್ಯಾಸ ಎಂದರೆ ಒಬ್ಬರ ಫೋಟೋದ ಅಡಿಗೆಮನೆಗೆ ಇನ್ನೊಬ್ಬರ ಫೋಟೋದ ಮೆಟ್ಟಿಲು ಹಚ್ಚುವುದು. ಬಾಗಿಲು ಗೋಡೆಗಳಿಲ್ಲದ ತೆರೆದ ಅಡಿಗೆಮನೆ ಬಂದದ್ದು ಹಾಗೆಯೇ. ನೈವೇದ್ಯವಾಗುವ ಮೊದಲು ಮಡಿಯ ಅಡಿಗೆಯ ಮೇಲೆ ಯಾರ ಕಣ್ಣೂ ಬೀಳಬಾರದು ಎಂದು ನಮ್ಮಲ್ಲಿ ಇದೆ. ಇದನ್ನು ನಾನು ಹೇಳಿದೆ. "ಭಾವ, ಈಗ ಯಾರೂ ಅಡಿಗಿಮನಿಗೆ ಗ್ವಾಡಿ ಹಾಕ್ಸೂದಿಲ್ಲ," ಎಂದ ಪ್ರಲ್ಹಾದ. ಸುಧಾ ಫೋಟೋ ನೋಡುತ್ತಲೇ ಇದ್ದಳು, ನನ್ನ ಮಾತು ಕೇಳಿಸಲಿಲ್ಲ. ಈಗ ಹಬ್ಬದ ದಿನಗಳಲ್ಲಿ ಆ ತೆರೆದ ಅಡಿಗೆಮನೆಗೆ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿ ಸುಧಾಳ ಹಳೆಯ ಪತ್ತಲ ಇಳಿಬಿಡುತ್ತೇವೆ. ಹೊರಗಿನಿಂದ ನೋಡಿದರೆ ಒಳಗೆ ನಾಟಕದ ಪಾತ್ರಧಾರಿಗಳು ಬಣ್ಣ ಹಚ್ಚಿಕೊಳ್ಳುತ್ತಿದ್ದಾರೆ ಎನ್ನಿಸುತ್ತದೆ.

ಆದರೆ ಕಟ್ಟೆ ಹೋದದ್ದಕ್ಕೆ ಪ್ರಲ್ಹಾದನನ್ನು ಬಯ್ಯಲಾರೆ. ಅದು ಹೋದದ್ದು ಸುಣ್ಣದ ಗೆರೆಯ ದಿನ. ಪಾಯ ತೋಡುವ ಮೊದಲು ಬರಿ ನೆಲದ ಮೇಲೆ ಸುಣ್ಣದ ಪುಡಿ ಉದುರಿಸಿ ಇಡೀ ಮನೆಯನ್ನು ಬರೆಯುತ್ತಾರಲ್ಲ, ಆ ದಿನ. ನಕ್ಷೆಯಲ್ಲಿ ಅರಮನೆಯ ಹಾಗೆ ಕಂಡದ್ದು ಆಕಾಶದ ಕೆಳಗೆ ಸುಣ್ಣದ ಗೆರೆಯಾಗಿ ಬಿದ್ದ ಕೂಡಲೇ ಕೋಳಿಗೂಡಿನಷ್ಟಾಗುತ್ತದೆ. ಗೋಡೆ ಎದ್ದ ಮೇಲೆ ಮತ್ತೆ ದೊಡ್ಡದಾಗುತ್ತದೆಂದು ಎಂಜಿನಿಯರ ಮೂರು ಸಲ ಹೇಳಿದ. ಯಾರು ಕೇಳಬೇಕು? ಅಂದು ನೋಡಲು ಬಂದ ಪ್ರತಿಯೊಬ್ಬರೂ ಗೆರೆಗಳ ಒಳಗೆ ಹೊಕ್ಕು ನಿಂತರು. ಬಾಗಿಲೆಂದು ಬಿಟ್ಟ ಕಡೆಯಿಂದಲೇ ಹೊಕ್ಕರು, ಗೋಡೆ ದಾಟಿ ಹೋಗಬಾರದು ನೋಡಿ. ಸುಧಾ ಮಲಗುವ ಕೋಣೆಯಲ್ಲಿ ನಿಂತು ಎರಡೂ ಕೈ ಚಾಚಿ, "ಮಂಚ ಹಾಕಿದ್ರ ನಾ ಎಲ್ಲೆ ಓಡಾಡ್ಲಿ?" ಎಂದಳು. ಗೆರೆ ಒಂದು ಫೂಟು ಮುಂದೆ ಹೋಯಿತು. ಪ್ರಲ್ಹಾದ ಊಟದ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಎಡಕ್ಕೆ ಬಲಕ್ಕೆ ಕಾಣದ ಎಲೆಗಳನ್ನು ಹಾಸಿ, ಐದನೆಯ ಎಲೆಗೆ ಜಾಗವಿಲ್ಲವೆಂದು ಸಾರಿದ. ಇನ್ನೊಂದು ಫೂಟು. ಹಾನಗಲ್ಲಿನಿಂದ ಬಂದಿದ್ದ ಸುಧಾಳ ಅಕ್ಕ ದೇವರ ಕೋಣೆಯಲ್ಲಿ ಪ್ರದಕ್ಷಿಣೆ ಹಾಕಿ ನೋಡಿದಳು, ಮೊಣಕೈ ಗೋಡೆಗೆ ತಾಗಿತಂತೆ. ಆ ಗೋಡೆ ಇನ್ನೂ ಹುಟ್ಟಿರಲಿಲ್ಲ ಎಂಬುದನ್ನು ನೀವು ನೆನಪಿಡಬೇಕು.

ಹಿಂದೆ ಮತ್ತು ಎರಡೂ ಪಕ್ಕ ಬೇರೆಯವರ ಸೈಟು. ಆದ್ದರಿಂದ ಎಲ್ಲ ಗೆರೆಗಳೂ ಸರಿದದ್ದು ಮುಂದಕ್ಕೆ. ಮುಂದೆ ಇದ್ದದ್ದು ನನ್ನ ಓದುವ ಕೋಣೆ. ಅದು ಸೊರಗುತ್ತ ಸೊರಗುತ್ತ, ಪುಸ್ತಕದ ಕಪಾಟು ಇಟ್ಟರೆ ಅದರ ಬಾಗಿಲು ತೆರೆಯಲು ಕೋಣೆಯ ಹೊರಗೆ ನಿಲ್ಲಬೇಕು ಎಂಬಷ್ಟಕ್ಕೆ ಬಂತು. ಎಂಜಿನಿಯರ ಸಮಾಧಾನದ ದನಿಯಲ್ಲಿ, "ಸರ, ಇಲ್ಲೆ ಕಟ್ಟೀದು ಎರಡು ಫೂಟು ಅದ. ಅದನ್ನ ಒಳಗ ತಗೊಂಡ್ರ ನಿಮ್ಮ ಕೋಣಿ ಬರೋಬ್ಬರಿ ಆಗ್ತದ. ಕಟ್ಟಿ ಆಮ್ಯಾಲೆ ಹೊರಗ ಎಲ್ಲೆರ ಮಾಡೂಣು," ಎಂದ. ಎಲ್ಲರೂ ನನ್ನ ಮುಖ ನೋಡಿದರು. ಆ ದಿನ ನನಗೆ ಏನಾಗಿತ್ತೋ ತಿಳಿಯದು. ಎಲ್ಲರಿಗೂ ಒಂದೊಂದು ಫೂಟು ಸಿಕ್ಕಿದೆ, ನನಗೇ ಏನೂ ಸಿಕ್ಕಿಲ್ಲ ಎಂಬ ಹೊಟ್ಟೆಕಿಚ್ಚು ಒಂದು ಕಡೆ. ಗಾಜಿನ ಬಾಗಿಲಿನ ಕಪಾಟಿನ ಮುಂದೆ ಕೂತು ಓದುವ ನನ್ನ ಚಿತ್ರ ಇನ್ನೊಂದು ಕಡೆ. ನೇರ ಮುಂದೆ ಹೋಗಿ ಕಟ್ಟೆಯ ಗೆರೆಯನ್ನು ನನ್ನ ಚಪ್ಪಲಿಯಿಂದಲೇ ಉಜ್ಜಿದೆ. ಸುಣ್ಣ ಬಲು ಬೇಗ ಅಳಿಯುತ್ತದೆ.

ಮನೆಯಾಯಿತು. ಹೊರಗೆ ಎಲ್ಲಿಯಾದರೂ ಆಗಬೇಕಿದ್ದ ಕಟ್ಟೆ ಎಲ್ಲಿಯೂ ಆಗಲಿಲ್ಲ. ಅದರ ಬದಲು ಕನ್ನಡಿಯಂಥ ಟೈಲ್ಸಿನ ಮೂರು ಮೆಟ್ಟಿಲು, ಹಿಡಿದು ಹತ್ತಲು ಸ್ಟೀಲಿನ ಕಟಾಂಜನ, ಬೆಲ್ ಒತ್ತಿದವರ ಮುಖ ಒಳಗೆ ತೋರಿಸುವ ಒಂದು ಕ್ಯಾಮೆರಾ. ವಾಸ್ತುಶಾಂತಿಯ ಗದ್ದಲ ಮುಗಿದ ಮೂರನೆಯ ದಿನ ಐದು ಗಂಟೆಗೆ ಫಕೀರಪ್ಪ ಒಂದು ಕಟ್ಟು ವೀಳ್ಯದೆಲೆ ಹಿಡಿದುಕೊಂಡು ಬಂದ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಗೇಟಿನೊಳಗೆ ಬಂದು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಮತ್ತೆ ಎಡಕ್ಕೆ ನೋಡಿದ. ಕೂಡಲು ಜಾಗ ಹುಡುಕುತ್ತಿದ್ದ. ಆಮೇಲೆ ಚಪ್ಪಲಿಯನ್ನು ಗೇಟಿನ ಹತ್ತಿರವೇ ಬಿಟ್ಟು, ನಲ್ಲಿಯಲ್ಲಿ ಕಾಲು ತೊಳೆದು, ಟವೆಲಿನಿಂದ ಒರೆಸಿಕೊಂಡು ಬೆಲ್ ಒತ್ತಿದ.

ಸೋಫಾದ ತುದಿಯಲ್ಲಿ ಕೂತ. ಅದು ಒಳಗೆ ಹೂತಿತು, ಗಾಬರಿಯಾಗಿ ಇನ್ನಷ್ಟು ತುದಿಗೆ ಬಂದ. ಮೇಲೆ ಮೂರು ಬಣ್ಣದ ದೀಪಗಳನ್ನು ನೋಡಿ, "ಛಲೋ ಆಗೇತ್ರಿ," ಎಂದ. ಸುಧಾ ಟ್ರೇಯಲ್ಲಿ ಚಹಾ, ಚಕ್ಕುಲಿ ತಂದಳು. ಅವನು ಬಸಿಯಲ್ಲಿ ಸುರಿದುಕೊಳ್ಳದೆ ಕಪ್ಪಿನಿಂದಲೇ ಸುಡುಸುಡು ಕುಡಿದ. ನಾನು ಮಳೆಯ ಮಾತು ತೆಗೆದೆ, ಅವನು "ಹೌದ್ರಿ" ಎಂದ. ಹೊಲದ ಮಾತು ತೆಗೆದೆ, ಅದಕ್ಕೂ ಹೌದ್ರಿ. ಹತ್ತು ನಿಮಿಷದಲ್ಲಿ ಎದ್ದು ನಿಂತು ಕೈ ಮುಗಿದು, "ಬರ್ತೇನ್ರಿ ಮಾಸ್ತರ," ಎಂದ. ಹನ್ನೊಂದು ವರ್ಷದಲ್ಲಿ ಅವನು ನನಗೆ ಹೇಳಿ ಹೋದದ್ದು ಅದೇ ಮೊದಲು. ನನಗೆ ತುಂಬ ದುಃಖವಾಯಿತು. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ನಾನು ಕೈಕಟ್ಟಿ ಕೂಡಲಿಲ್ಲ. ಪ್ಲಾಸ್ಟಿಕ್ ಕುರ್ಚಿ ಎರಡು ತಂದು ಹೊರಗೆ ಹಾಕಿ ಅವನನ್ನು ಕರೆಸಿದೆ. ಆದರೆ ಮುಂದಿನ ಜಾಗವನ್ನೆಲ್ಲ ಮಳೆನೀರು ಹರಿಯಲೆಂದು, ಪ್ರಲ್ಹಾದನ ಕಾರು ಹತ್ತಲೆಂದು ಇಳಿಜಾರು ಮಾಡಿದ್ದರು. ಮಾತಾಡುತ್ತ ಮಾತಾಡುತ್ತ ಇಬ್ಬರೂ ಗೇಟಿನ ಕಡೆಗೆ ಜಾರತೊಡಗಿದೆವು. ಫಕೀರಪ್ಪ ಸಂಜೆಯುದ್ದಕ್ಕೂ ಬ್ರೇಕ್ ಹಾಕಿದವನ ಹಾಗೆ ಕಾಲೂರಿಕೊಂಡೇ ಕೂತಿದ್ದ, ಮಾತಿಗೆ ಪುರುಸೊತ್ತೇ ಆಗಲಿಲ್ಲ. ಗೌಂಡಿಯನ್ನು ಕರೆದು ಈಗೊಂದು ಕಟ್ಟೆ ಕಟ್ಟಲು ಬರುವುದೇ ಎಂದು ಕೇಳಿದೆ. ಅವನು ಸುತ್ತ ತಿರುಗಿ ನೋಡಿ, "ಗೇಟಿನ ಒಳಗ ಕಟ್ಟಿದ್ರ ಗೇಟ ತಗ್ಯಾಕ ಬರೂದಿಲ್ರಿ, ಹೊರಗ ಗಟಾರ ಐತ್ರಿ. ಮೊದಲ ಹೇಳಬಾರದನ್ರಿ?" ಎಂದ. ಮೊದಲೇ ಹೇಳಿದ್ದೆ ಎಂದು ಅವನಿಗೆ ಯಾವ ಬಾಯಿಂದ ಹೇಳಲಿ?

ಕೊನೆಗೆ ಉಳಿದ ದಾರಿ ಒಂದೇ. ಫಕೀರಪ್ಪನ ಮನೆ ಹಳೆಯ ಊರಿನೊಳಗೆ, ನಮ್ಮ ಬಡಾವಣೆಯಿಂದ ಅರ್ಧ ತಾಸಿನ ನಡಿಗೆ. ಅವನ ಬಾಗಿಲಿಗೆ ಹಳೆಯ ಕಲ್ಲಿನ ಕಟ್ಟೆ ಇದೆ. ಸಂಜೆ ನಾನೇ ಅಲ್ಲಿಗೆ ನಡೆದು ಹೋಗತೊಡಗಿದೆ. ಡಾಕ್ಟರು ನಡೆಯಲು ಹೇಳಿದ್ದಾರೆ ಎಂದು ಮನೆಯಲ್ಲಿ ಸುಳ್ಳು ಹೇಳಿದೆ. ಅವನು ಬಾ ಎನ್ನಲಿಲ್ಲ, ಚಹಾ ಎನ್ನಲಿಲ್ಲ, ಸ್ವಲ್ಪ ಸರಿದು ಜಾಗ ಕೊಟ್ಟ. ಮತ್ತೆ ಮೊದಲಿನ ಹಾಗೆ ಮಾತು ಶುರುವಾಯಿತು. ಮಳೆಗಾಲವೆಲ್ಲ ಹೀಗೆ ನಡೆಯಿತು. ನನ್ನ ಓದುವ ಕೋಣೆಯಲ್ಲಿ ನಾನು ಒಂದು ಪುಸ್ತಕವನ್ನೂ ಓದಲಿಲ್ಲ.

ಈ ನಡುವೆ ನನ್ನ ಮನೆ ಪ್ರಸಿದ್ಧವಾಗುತ್ತ ಹೋಯಿತು. ಪ್ರಲ್ಹಾದ ಅದರ ಫೋಟೋಗಳನ್ನು ಎಲ್ಲೆಡೆ ಕಳಿಸಿದ್ದ. ದುಂಡಸಿಯಿಂದ, ಹಂಸಭಾವಿಯಿಂದ ಮನೆ ಕಟ್ಟಿಸುವವರು ಬಂದು ನೋಡಿ, ಮೆಟ್ಟಿಲ ಮೇಲೆ ನಿಂತು ಫೋಟೋ ಹೊಡೆದುಕೊಂಡು ಹೋಗುತ್ತಿದ್ದರು. ನಮ್ಮ ಮನೆಯೂ ಈಗ ಯಾರದೋ ಮೊಬೈಲಿನಲ್ಲಿ ಮನುಷ್ಯರಿಲ್ಲದ ಮನೆಯಾಗಿ ಕೂತಿದೆ ಎಂದುಕೊಂಡೆ.

ಕಳೆದ ತಿಂಗಳು ಒಂದು ಸಂಜೆ ನಾನು ಹೊರಡಲು ಚಪ್ಪಲಿ ಮೆಟ್ಟುತ್ತಿರುವಾಗ ಬೆಲ್ ಆಯಿತು. ನೋಡಿದರೆ ಫಕೀರಪ್ಪ. ಅವನೇ ಬಂದನಲ್ಲ ಎಂದು ನನಗಾದ ಸಂತೋಷ ಹೇಳತೀರದು. ಹಿಂದೆ ಅವನ ಸೊಸೆ, ಕೈಯಲ್ಲಿ ಅಳತೆಯ ಟೇಪು.

"ಮನೀದು ಮುಂದಿನ ಭಾಗ ಬಿಚ್ಚಿ ಕಟ್ಟಬೇಕಂತ ಮಾಡೇವ್ರಿ ಮಾಸ್ತರ," ಎಂದ ಫಕೀರಪ್ಪ. "ಸೊಸಿ ನಿಮ್ಮನೀ ಫೋಟೋ ನೋಡ್ಯಾಳ. ಹಿಂಗ ಆಗಬೇಕು ಅಂತಾಳ. ಅಳತಿ ತಗೊಂಡ ಹೋಗೂಣು ಅಂತ ಬಂದ್ವಿ."

"ಕಟ್ಟಿ?" ಎಂದೆ.

"ಅದನ್ನ ತಗೀತೇವ್ರಿ. ನಿಮ್ಮನ್ಯಾಗೂ ಇಲ್ಲಲ್ರಿ. ಮೊದಲ ನನಗೂ ಮನಸ್ಸಿರಲಿಲ್ಲ. ಆದ್ರ ಮಾಸ್ತರ ಲೆಕ್ಕದ ಮನಶ್ಯಾ, ನಕ್ಷಾದಾಗ ಇದ್ದದ್ದನ್ನ ಸುಮ್ಮಸುಮ್ಮನ ತಗದಿರಾಕಿಲ್ಲ, ಏನರ ವಿಚಾರ ಮಾಡೇ ತಗದಿರ್ತಾರ ಅಂತ ನಾನ ಆಕೀಗೆ ಹೇಳಿದೆ."

"ಮತ್ತ ಸಂಜೀಮುಂದ ಎಲ್ಲೆ ಕೂಡೂದು?"

"ಒಳಗ ಸೋಫಾ ಬರ್ತೈತಲ್ರಿ. ನೀವು ಬರ್ರಿ, ಒಂದ್ ಕಪ್ ಚಾ ಕುಡದು ಹೋಗೀರಂತ."

ಒಂದು ಮಾತು ಸಾಕಾಗಿತ್ತು. ಫಕೀರಪ್ಪ, ನಾನು ಯಾವ ವಿಚಾರವನ್ನೂ ಮಾಡಲಿಲ್ಲ, ಒಂದು ಕಪಾಟಿನ ಆಸೆಗೆ ಬಿದ್ದು ಕಾಲಿನಿಂದ ಉಜ್ಜಿಬಿಟ್ಟೆ, ನೀನು ತೆಗೆಯಬೇಡ. ಇಷ್ಟೇ. ಆದರೆ ಅವನ ಸೊಸೆ ನನ್ನ ಮುಖವನ್ನೇ ನೋಡುತ್ತಿದ್ದಳು, ತರಗತಿಯಲ್ಲಿ ಮೊದಲ ಬೆಂಚಿನವರು ಉತ್ತರಕ್ಕಾಗಿ ನೋಡುವಂತೆ. ಮೂವತ್ತನಾಲ್ಕು ವರ್ಷ ಬೋರ್ಡಿನ ಮೇಲೆ ತಪ್ಪು ಬರೆದಾಗಲೂ ಅದನ್ನು ಒಪ್ಪಿಕೊಳ್ಳದೆ ಒರೆಸಿ ಮುಂದೆ ಹೋದವನು ನಾನು. ಫಕೀರಪ್ಪ ಟೇಪಿನ ತುದಿಯನ್ನು ನನ್ನ ಕೈಗೆ ಕೊಟ್ಟು, "ಈ ಕಡೆ ಒಂದೀಟ ಹಿಡೀರಿ," ಎಂದ. ನಾನು ಕುಕ್ಕರುಗಾಲಲ್ಲಿ ಕೂತು, ಕಟ್ಟೆ ಇರಬೇಕಾಗಿದ್ದ ಜಾಗದ ಗೋಡೆಯ ಮೂಲೆಗೆ ಅದನ್ನು ಒತ್ತಿ ಹಿಡಿದೆ. ಅವನು ಆ ತುದಿಗೆ ಹೋಗಿ ಕಣ್ಣು ಕಿರಿದು ಮಾಡಿ ಅಂಕಿ ಓದತೊಡಗಿದ. ನೋಡಿದರೆ ಟೇಪು ನಡುವೆ ಜೋತುಬಿದ್ದಿತ್ತು.

"ಹಂಗಲ್ಲ ಫಕೀರಪ್ಪ," ಎಂದೆ, "ಜಗ್ಗಿ ಹಿಡಿ. ಅಳತಿ ತಪ್ಪಬಾರದು."