ಮುಲುಂಡಿನ ಹಸು ಹುಲ್ಲು ತಿಂದ ಬಗೆ

ಹಸುವಿನ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ನಾಲ್ಕನೇ ಕ್ಲಾಸಿನಲ್ಲಿದ್ದಾಗಲೇ ಹಸುವಿನ ಮೇಲೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ಹತ್ತಕ್ಕೆ ಹತ್ತು ಅಂಕ ತೆಗೆದುಕೊಂಡವಳು ನಾನು. ಹಸು ಒಂದು ಸಾಕುಪ್ರಾಣಿ. ಅದಕ್ಕೆ ನಾಲ್ಕು ಕಾಲು, ಒಂದು ಬಾಲ. ಹಸು ಹುಲ್ಲು ತಿನ್ನುತ್ತದೆ. ಹಸು ಹಾಲು ಕೊಡುತ್ತದೆ. ಸಿಸ್ಟರ್ ಅದನ್ನು ಇಡೀ ಕ್ಲಾಸಿಗೆ ಓದಿ ಹೇಳಿದ್ದರು. ಆ ಪ್ರಬಂಧದಲ್ಲಿ ಕಾಲು ಮತ್ತು ಬಾಲದ ವಿಚಾರ ಮಾತ್ರ ಸರಿ ಎಂದು ತಿಳಿಯಲು ನಾನು ಐವತ್ತು ದಾಟಬೇಕಾಯಿತು.

ಮುಂಬಯಿಯ ಮುಲುಂಡಿನ ಫ್ಲ್ಯಾಟಿನಲ್ಲಿ ಅರ್ಧ ಆಯುಸ್ಸು ಕಳೆದ ಮೇಲೆ ನಾವು ಬದ್ಲಾಪುರದ ಆಚೆ ಒಂದು ಪುಟ್ಟ ಹೆಂಚಿನ ಮನೆ, ಅದರ ಸುತ್ತ ಚೂರು ನೆಲ ಮಾಡಿಕೊಂಡೆವು. ಮಳೆಗಾಲದಲ್ಲಿ ಅಲ್ಲಿ ಬೆಟ್ಟದ ಸಾಲು ಬೆಳಗಿನ ಹೊತ್ತು ಕಾಣುವುದೇ ಇಲ್ಲ. ಮೋಡ ಇಳಿದು ಬಂದು ನಮ್ಮ ಬೇಲಿಯ ಮೇಲೆ ಒಣಹಾಕಿದ ಸೀರೆಯ ಹಾಗೆ ಕೂತಿರುತ್ತದೆ. ದೂರದಲ್ಲಿ ಲೋಕಲ್ ರೈಲು ಹೋದ ಸದ್ದು ಮಾತ್ರ, ನಿದ್ದೆಯಲ್ಲಿ ಯಾರೋ ಮಗ್ಗುಲು ಬದಲಿಸಿದಂತೆ, ಕೇಳುತ್ತದೆ. ನಾನು ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂತು ಅದನ್ನು ನೋಡುತ್ತಾ ಕಾಫಿ ಆರಿಸಿಕೊಳ್ಳುತ್ತಿದ್ದೆ. ಕೋಳಿಗಳು ನಾಲ್ಕಿದ್ದವು. ಅವು ನನ್ನನ್ನು ಏನೂ ಕೇಳದೆ ತಮ್ಮ ಸಂಸಾರ ತಾವೇ ನೋಡಿಕೊಳ್ಳುತ್ತಿದ್ದವು. ಅದರಿಂದ ನನಗೆ ಪಶುಪಾಲನೆ ಒಲಿದಿದೆ ಎಂಬ ತೀರ್ಮಾನಕ್ಕೆ ಬಂದೆ. ಇನ್ನು ಆ ಹಸಿರಿನ ನಡುವೆ ಒಂದು ಬಿಳಿ ಹಸು ನಿಂತರೆ ಚಿತ್ರ ಪೂರ್ಣವಾದಂತೆ.

ಹಾಗೆ ಕನಸು ಕಾಣುತ್ತಿದ್ದಾಗಲೇ ಸಖೂಬಾಯಿ ಸಿಕ್ಕಿದಳು.

ಮುಂಬಯಿಯ ರಸ್ತೆ ಮೂಲೆಗಳಲ್ಲಿ, ದೇವಸ್ಥಾನದ ಎದುರಿಗೆ, ಒಂದು ಹಸು ಕಟ್ಟಿಕೊಂಡು ಪಕ್ಕದಲ್ಲಿ ಹುಲ್ಲಿನ ಸಣ್ಣ ಸಣ್ಣ ಕಟ್ಟು ಜೋಡಿಸಿಕೊಂಡು ಕೂರುವ ಹೆಂಗಸರಿದ್ದಾರೆ. ಸ್ಟೇಷನ್ನಿಗೆ ಓಡುವವರು ಒಂದು ನಾಣ್ಯ ಕೊಟ್ಟು ಒಂದು ಕಟ್ಟು ಕೊಂಡು, ಚಪ್ಪಲಿ ಬಿಟ್ಟು, ಹಸುವಿನ ಬಾಯಿಗೆ ಹಿಡಿದು, ಹಣೆ ಮುಟ್ಟಿ ಕೈಮುಗಿದು, ಅಷ್ಟು ಪುಣ್ಯ ಕಟ್ಟಿಕೊಂಡು ಲೋಕಲ್ ಹಿಡಿಯುತ್ತಾರೆ. ಮುಲುಂಡಿನಲ್ಲಿ ನಮ್ಮ ತರಕಾರಿ ದಾರಿಯ ಮೂಲೆ ಸಖೂಬಾಯಿಯದು. ಅವಳ ಹಸು ಗೌರಿ. ಹಾಲಿನ ಕೆನೆಯ ಬಣ್ಣ, ಎಡಗಿವಿಯ ತುದಿಯಲ್ಲಿ ಕಾಡಿಗೆ ಬೊಟ್ಟಿನಷ್ಟು ಕಪ್ಪು. ಪ್ರತಿ ಶುಕ್ರವಾರ ನಾನು ಅವಳಿಗೆ ಹುಲ್ಲು ತಿನ್ನಿಸುತ್ತಿದ್ದೆ. ನನ್ನನ್ನು ಕಂಡರೆ ಗೌರಿಯ ಕಣ್ಣು ಒದ್ದೆಯಾಗುತ್ತದೆ ಎಂದು ನನಗೆ ಅನಿಸುತ್ತಿತ್ತು. ಎಲ್ಲ ಗಿರಾಕಿಗಳಿಗೂ ಹಾಗೇ ಅನಿಸುತ್ತದಂತೆ. ಅದು ಆಮೇಲೆ ಗೊತ್ತಾಯಿತು.

ಹಳೆಯ ಮನೆಯ ಕೆಲಸಕ್ಕೆ ಮುಲುಂಡಿಗೆ ಹೋದ ದಿನ ಸಖೂಬಾಯಿ ಮರಾಠಿಯಲ್ಲಿ ಕಷ್ಟ ತೋಡಿಕೊಂಡಳು. ಮಂಡಿ ನೋವು, ಕೂತರೆ ಏಳಲಾಗುವುದಿಲ್ಲ, ಊರಿಗೆ ಮಗಳ ಹತ್ತಿರ ಹೋಗುತ್ತಿದ್ದೇನೆ, ಗೌರಿಯನ್ನು ಕರೆದೊಯ್ಯಲು ಅಲ್ಲಿ ಜಾಗವಿಲ್ಲ.

"ವಹಿನಿ, ನಿಮ್ಮ ಮನೇಲಿ ಹುಲ್ಲಿದೆ ಅಂತೀರಲ್ಲ. ನೀವೇ ಸಾಕ್ಕೊಳ್ಳಿ. ಗಣಪತಿ ಹಬ್ಬ ಆದ್ಮೇಲೆ ನೋಡೋಕೆ ಬರ್ತೀನಿ. ಚೂರು ಸೊರಗಿದ್ರೂ ಗೋಶಾಲೆಗೆ ಕಳಿಸ್ತೀನಿ, ಈಗ್ಲೇ ಹೇಳಿದೀನಿ."

"ಸೊರಗೋದೇ? ನಮ್ಮಲ್ಲಿ ಹುಲ್ಲು ಸೊಂಟದವರೆಗೆ ಬೆಳೆದಿದೆ," ಎಂದೆ.

ರಾತ್ರಿ ಇವರಿಗೆ ಸುದ್ದಿ ಹೇಳಿದೆ. ಇವರು ಉಡುಪಿ ಕಡೆಯವರು, ಆದರೆ ಬೆಳೆದದ್ದು ಮಾಟುಂಗಾದಲ್ಲಿ ಚಿಕ್ಕಪ್ಪನ ಹೋಟೆಲಿನ ಹಿಂದಿನ ಕೋಣೆಯಲ್ಲಿ. ಹಾಲು ಕ್ಯಾನಿನೊಳಗೆ ಹುಟ್ಟುತ್ತದೆ ಎಂದು ನಂಬಿದ್ದವರು. ಈಗ ಫೋರ್ಟ್ ಬಡಾವಣೆಯ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತಾರೆ.

"ದನ ಕಟ್ಟುದು ಮಕ್ಕಳಾಟ ಅಲ್ಲ ಮಾರಾಯ್ತಿ. ಹಾಲು ಎಷ್ಟು ಕೊಡ್ತದಂತೆ?"

"ಕೇಳಲಿಲ್ಲ ಕಣ್ರೀ. ಅದರ ಕಣ್ಣು ನೋಡಿದ್ರೆ ಅದೆಲ್ಲ ಕೇಳೋಕೆ ಮನಸ್ಸು ಬರಲ್ಲ."

"ಕಣ್ಣಿಂದ ಕಾಫಿ ಮಾಡ್ಲಿಕ್ಕಾಗುದಿಲ್ಲ," ಎಂದು ಮಗ್ಗುಲು ಬದಲಿಸಿದರು. ನಾನು ಅದನ್ನು ಒಪ್ಪಿಗೆ ಎಂದೇ ತಿಳಿದುಕೊಂಡೆ.

ಗೌರಿ ಟೆಂಪೊದಲ್ಲಿ ಬಂದಳು. ದಾರಿಯುದ್ದಕ್ಕೂ ಕತ್ತು ಹೊರಗೆ ಹಾಕಿ ನಿಂತಿದ್ದಳು. ಒಂದು ಸಿಗ್ನಲ್ಲಿನಲ್ಲಿ ಸ್ಕೂಟರಿನವನೊಬ್ಬ ಅವಳ ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡ. ಅವಳು ಗಂಭೀರವಾಗಿ ಸ್ವೀಕರಿಸಿದಳು. ಆ ಕ್ಷಣದಲ್ಲಿ ನನಗೆ ಎಲ್ಲ ಅರ್ಥವಾಗಬೇಕಿತ್ತು. ನಾನು ಮಾತ್ರ ಎದುರಿನ ಮೋಡ ನೋಡುತ್ತಿದ್ದೆ.

ಗೇಟಿನೊಳಗೆ ಬಂದ ಗೌರಿ ನಮ್ಮ ಹುಲ್ಲನ್ನು ಒಮ್ಮೆ ನೋಡಿದಳು. ಫ್ಲ್ಯಾಟಿನವರು ಪಾರ್ಕನ್ನು ನೋಡುವ ಹಾಗೆ. ಚೆನ್ನಾಗಿದೆ, ಗಾಳಿ ಬರುತ್ತದೆ, ಅಷ್ಟೆ. ಬಾಯಿ ಹಾಕಲಿಲ್ಲ.

ಪ್ರಯಾಣದ ದಣಿವು ಎಂದುಕೊಂಡೆ. ಸಂಜೆ ಬಕೆಟ್ಟಿನ ತುಂಬ ಹುಲ್ಲು ಕೊಯ್ದು ಎದುರಿಗಿಟ್ಟೆ. ಮೂಸಲೂ ಇಲ್ಲ. ಮರುದಿನ ಬೂಸಾ ಕಲಸಿಟ್ಟೆ, ಬೆಲ್ಲ ಇಟ್ಟೆ, ನೀರು ಮಾತ್ರ ಕುಡಿದಳು. ಒಂದು ಸಂಗತಿ ಗಮನಿಸಿದೆ. ದೂರದಲ್ಲಿ ಲೋಕಲ್ ಸದ್ದಾದಾಗಲೆಲ್ಲ ಗೌರಿ ಮಲಗಿದ್ದಲ್ಲಿಂದ ಎದ್ದು, ಮೈ ಕೊಡವಿ, ಗೇಟಿನ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು. ಸ್ವಲ್ಪ ಹೊತ್ತು ಕಾದು, ಉಸಿರು ಬಿಟ್ಟು ಮತ್ತೆ ಮಲಗುತ್ತಿದ್ದಳು. ಮುಲುಂಡಿನ ನೆನಪು ಎಂದು ಅವಳ ಬೆನ್ನು ಸವರಿದೆ. ನಾವಿಬ್ಬರೂ ಸೇರಿ ಎಷ್ಟೋ ಹೊತ್ತು ಗೇಟು ನೋಡುತ್ತಾ ನಿಂತೆವು.

ಪಶುವೈದ್ಯರು ಬಂದು ಕಣ್ಣು, ನಾಲಿಗೆ, ಹೊಟ್ಟೆ ನೋಡಿದರು. ಕಾಯಿಲೆಯಿಲ್ಲ ಎಂದರು. ಹಾಲಿನ ಬಗ್ಗೆ ಇವರು ಕೇಳಿದ್ದಕ್ಕೆ ಡಾಕ್ಟರು ನಕ್ಕು, ಇವರ ನರೆತ ಕೂದಲು ನೋಡಿ, "ಇದು ನಿಮಗಿಂತ ಮೊದಲೇ ರಿಟೈರ್ ಆಗಿದೆ," ಎಂದು ಹಿಂದಿಯಲ್ಲಿ ಹೇಳಿದರು. ಪ್ರಬಂಧದ ಒಂದು ವಾಕ್ಯ ಅಲ್ಲಿಗೆ ಬಿದ್ದುಹೋಯಿತು.

"ಹಾಲು ಇಲ್ಲ, ಹುಲ್ಲೂ ಬೇಡ," ಎಂದರು ಇವರು. "ಇದು ದನ ಅಲ್ಲ ಮಾರಾಯ್ತಿ, ದನದ ಫೋಟೊ."

ಮೂರನೆಯ ದಿನ ಗೌರಿಯ ಪಕ್ಕೆಲುಬು ನನ್ನ ಕಣ್ಣಿಗೆ ಎದ್ದು ಕಾಣತೊಡಗಿತು. ಸಖೂಬಾಯಿಗೆ ಫೋನ್ ಮಾಡೋಣವೆಂದರೆ ಮಗಳ ನಂಬರು ಹತ್ತುತ್ತಿರಲಿಲ್ಲ. ಹತ್ತದಿದ್ದದ್ದೇ ಒಳ್ಳೆಯದಾಯಿತು ಎಂದೂ ಒಳಗೊಳಗೇ ಅನಿಸಿತು. ಸೊಂಟದೆತ್ತರದ ಹುಲ್ಲಿನ ನಡುವೆ ಹಸು ಉಪವಾಸವಿದೆ ಎಂದು ಯಾವ ಬಾಯಲ್ಲಿ ಹೇಳಲಿ? ಗೋಶಾಲೆಯ ಮಾತೂ ನೆನಪಾಯಿತು.

ಬಹುಶಃ ಪಾಪ, ಡಾಂಬರಿನ ಮೇಲೆ ಬೆಳೆದ ಹಸು, ಹುಲ್ಲು ನೆಲದಿಂದ ಏಳುತ್ತದೆ ಎಂಬುದೇ ಅದಕ್ಕೆ ತಿಳಿದಿಲ್ಲ ಎಂದು ನನಗೆ ಹೊಳೆಯಿತು. ತೋರಿಸಿಕೊಟ್ಟರಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವಳ ಎದುರಿಗೆ ಮೊಣಕಾಲೂರಿ ಕೂತು, ಒಂದು ಗರಿಕೆ ಎಳೆಯನ್ನು ತುಟಿಯಿಂದ ಕಿತ್ತು, ನಿಧಾನವಾಗಿ, ವಿದ್ಯಾರ್ಥಿನಿಗೆ ಅರ್ಥವಾಗುವಂತೆ, ಅಗಿದು ತೋರಿಸಿದೆ. ಗೌರಿ ಆಸಕ್ತಿಯಿಂದ ನೋಡಿದಳು. ಇನ್ನೊಂದು ಎಳೆ ಅಗಿದೆ. ಆಗ ಬೇಲಿಯ ಆಚೆಯಿಂದ ಪಕ್ಕದ ಮನೆಯ ವನಿತಾ ಮೆಲ್ಲಗೆ ಕೇಳಿದಳು.

"ಕಾಕು, ಮನೇಲಿ ಭಾಜಿ, ಪಲ್ಯ ಏನೂ ಇಲ್ವಾ? ಕೊಡ್ಲಾ?"

ಅವಳ ದನಿಯಲ್ಲಿ ಹಾಸ್ಯವಿರಲಿಲ್ಲ. ನಿಜವಾಗಿ ಮರುಗಿದ್ದಳು. ಸಂಜೆ ಒಂದು ಡಬ್ಬಿ ಬಟಾಟೆ ಪಲ್ಯ ಬಂತು.

ಆ ಸಂಜೆಯೇ ತುಂತುರು ಮಳೆಯಲ್ಲಿ ಇವರು ಆಫೀಸಿನಿಂದ ಬಂದರು. ಗೌರಿ ನಿಂತೇ ಇದ್ದಳು. ಗೇಟು ತೆಗೆದವರು, ಒಳಗೆ ಬಾರದೆ, ಅವಳ ಎದುರಿಗೆ ನಿಂತುಬಿಟ್ಟರು. ಹೆಗಲಲ್ಲಿ ಟಿಫಿನ್ ಚೀಲ. ಏನೆನಿಸಿತೋ, ಬೂಟು ಬಿಚ್ಚಿದರು. ದೇವರ ಕೋಣೆಯಲ್ಲೂ ಗಡಿಯಾರ ನೋಡುತ್ತಾ ಕೈಮುಗಿಯುವ ಮನುಷ್ಯ, ಅಂದು ತಲೆ ತಗ್ಗಿಸಿ ಎರಡೂ ಕೈ ಜೋಡಿಸಿದರು.

"ಅಮ್ಮಾ, ಸಾಯ್ಬೇಡ. ನೀ ಹೋದ್ರೆ ನಮ್ಮ ಇವಳು ಬದುಕುದಿಲ್ಲ," ಎಂದರು.

ಆಮೇಲೆ ಒಂದು ಹಿಡಿ ಹುಲ್ಲು ಕಿತ್ತು ಅವಳ ಬಾಯಿಗೆ ಹಿಡಿದು ಹಣೆ ಮುಟ್ಟಿದರು. ಗೌರಿ ಶಾಂತವಾಗಿ, ಕೊನೆಯ ಎಳೆಯವರೆಗೆ, ತಿಂದಳು.

ಇವರು ಇನ್ನೊಂದು ಹಿಡಿ ಕೊಟ್ಟರು. ಬೇಡ. ನಾನು ಓಡಿಬಂದು ಕೊಟ್ಟೆ. ಬೇಡ. ಗೌರಿ ನಮ್ಮಿಬ್ಬರ ತಲೆಯ ಮೇಲಿಂದ ಗೇಟು ನೋಡುತ್ತಿದ್ದಳು. ಆ ನೋಟವನ್ನು ನಾನು ಮುಲುಂಡಿನ ಮೂಲೆಯಲ್ಲಿ ಎಷ್ಟು ಶುಕ್ರವಾರ ನೋಡಿಲ್ಲ? ಆಯಿತಲ್ಲ, ನಡೆಯಿರಿ, ಹಿಂದಿನವರು ಬರಲಿ ಎನ್ನುವ ನೋಟ. ಲೋಕಲ್ ಸದ್ದಿಗೆ ಅವಳು ಎದ್ದು ನಿಲ್ಲುತ್ತಿದ್ದುದು ನೆನಪಿನಿಂದಲ್ಲ. ಡ್ಯೂಟಿಯ ಹೊತ್ತಾಯಿತೆಂದು!

ನಾನು ಒಳಗೆ ಹೋಗಿ ವ್ಯಾನಿಟಿ ಬ್ಯಾಗು ತಗಲಿಸಿಕೊಂಡು, ಚಪ್ಪಲಿ ಮೆಟ್ಟಿ, ಹಿಂಬಾಗಿಲಿನಿಂದ ಸುತ್ತಿಬಂದು ಗೇಟಿನಲ್ಲಿ ಪ್ರವೇಶಿಸಿದೆ. ಚಪ್ಪಲಿ ಬಿಟ್ಟೆ, ನಮಸ್ಕರಿಸಿದೆ, ಹುಲ್ಲು ಕೊಟ್ಟೆ. ತಿಂದಳು.

"ಈಗ ನೀವು ಹೊರಗೆ ಹೋಗಿ ಬನ್ನಿ ರೀ."

"ಈಗ ಬಂದದ್ದಲ್ವಾ ನಾನು?"

"ಹೊಸಬರ ಹಾಗೆ ಬನ್ನಿ. ಚೂರು ಅವಸರದಲ್ಲಿ."

"ಎಂಥ ಕರ್ಮ. ದಿನಾ ಲೋಕಲಿಂದ ಇಳಿದದ್ದು ಸಾಲದು ಅಂತ ಮನೆಗೆ ಬಂದು ಪುನಃ ಇಳಿಯುದಾ?"

ಆದರೂ ಹೋದರು. ಕತ್ತಲಾಗುವವರೆಗೆ ಗಂಡ ಹೆಂಡತಿ ಒಬ್ಬರ ಹಿಂದೊಬ್ಬರು ಮನೆ ಸುತ್ತಿ ಸುತ್ತಿ ಗೇಟಿನಲ್ಲಿ ಪ್ರಕಟವಾದೆವು. ಇವರು ಒಮ್ಮೆ ಕೊಡೆ ಹಿಡಿದು ಬಂದರು, ಒಮ್ಮೆ ಮಂಕಿ ಕ್ಯಾಪ್ ಹಾಕಿ ಬಂದರು. ವೇಷದ ಅಗತ್ಯವೇನೂ ಇರಲಿಲ್ಲ, ಗೌರಿ ಮುಖ ನೋಡುತ್ತಿರಲಿಲ್ಲ. ಆದರೆ ಅವರಿಗೆ ಹುಮ್ಮಸ್ಸು ಬಂದಿತ್ತು.

ಹೀಗೆ ಹಸುವಿನ ಹೊಟ್ಟೆ ತುಂಬುವುದು ಹೇಗೆ? ನನಗೆ ಭಕ್ತರು ಬೇಕಾಗಿದ್ದರು. ವನಿತಾಳಿಗೆ ಎಲ್ಲ ಹೇಳಿ ಕೈಹಿಡಿದು ಬೇಡಿಕೊಂಡೆ. ಗರಿಕೆಯ ಪ್ರಸಂಗದ ನಂತರ ನಾನು ಏನು ಹೇಳಿದರೂ ಅವಳು "ಹೋ ಕಾಕು, ಹೋ" ಎಂದು, ಹೌದು ಹೌದು ಎನ್ನುವಂತೆ, ತಲೆಯಾಡಿಸುತ್ತಿದ್ದಳು. ಮರುದಿನ ಬೆಳಿಗ್ಗೆ ಗಂಡನನ್ನೂ ಅತ್ತೆಯನ್ನೂ ಕರೆತಂದಳು. ಅನಾಹುತ ಶುರುವಾದದ್ದು ಅತ್ತೆಯಿಂದ. ಆ ಅಜ್ಜಿ ಭಕ್ತಿ ಹೆಚ್ಚಾಗಿ ನಿಂತಲ್ಲೇ ಎರಡನೆಯ ಹಿಡಿ ಹುಲ್ಲು ಚಾಚಿದರು. ಗೌರಿ ಮುಖ ತಿರುಗಿಸಿದಳು.

"ನನ್ನ ಕೈಗೆ ಏನಾಗಿದೆ?" ಎಂದರು ಅಜ್ಜಿ.

"ಏನೂ ಇಲ್ಲ ಆಜಿ. ನೀವೊಮ್ಮೆ ಗೇಟಿನಿಂದ ಆಚೆ ಹೋಗಿ..."

ವಾಕ್ಯ ಮುಗಿಯುವ ಮೊದಲೇ ಅಜ್ಜಿ ಆಚೆ ಹೋದರು, ಮತ್ತೆ ಬರಲಿಲ್ಲ. ನಾನು ಅವರನ್ನು ಹೊರಗೆ ಹಾಕಿದೆ ಎಂದೂ, ಆ ಹಸು ಮನಸ್ಸು ಶುದ್ಧವಿಲ್ಲದವರ ಕೈಯಿಂದ ತಿನ್ನುವುದಿಲ್ಲ ಎಂದೂ, ಮಧ್ಯಾಹ್ನದೊಳಗೆ ಎರಡು ಸುದ್ದಿ ಊರಲ್ಲಿ ಹರಡಿದವು. ಮೊದಲನೆಯದಕ್ಕೆ ಯಾರೂ ಬೆಲೆ ಕೊಡಲಿಲ್ಲ. ಎರಡನೆಯದನ್ನು ಪರೀಕ್ಷಿಸಲು ಎಲ್ಲರೂ ಬಂದರು.

ಒಬ್ಬೊಬ್ಬರು ಒಂದೊಂದೇ ಹಿಡಿ ಕೊಟ್ಟು, ಗೌರಿ ತಿಂದಳೆಂದು ಕಣ್ಣೊರೆಸಿಕೊಂಡು, ಪಕ್ಕದವರನ್ನು ಓರೆಗಣ್ಣಿನಿಂದ ನೋಡುತ್ತಾ ಹೋದರು. ಕೆಲವರು ಪಕ್ಕದವರನ್ನೇ ಪರೀಕ್ಷೆಗೆ ಎಳೆದು ತಂದರು. ಬಂದವರು ಸಿಕ್ಕ ಕಡೆ ಹುಲ್ಲು ಕಿತ್ತು ನನ್ನ ಮೆಣಸಿನ ಗಿಡ ಹಾಳುಮಾಡಿದ್ದರಿಂದ, ನಾನೇ ಬೆಳಿಗ್ಗೆ ಕೊಯ್ದು ಬಾಳೆನಾರಿನಲ್ಲಿ ಸಣ್ಣ ಸಣ್ಣ ಕಟ್ಟು ಮಾಡಿಡತೊಡಗಿದೆ. ನಿಂತು ಕಾಲು ನೋವೆಂದು ಪ್ಲಾಸ್ಟಿಕ್ ಸ್ಟೂಲು ತಂದುಕೊಂಡೆ. ಮಳೆಗೆಂದು ದೊಡ್ಡ ಕೊಡೆಯನ್ನು ಗೂಟಕ್ಕೆ ಕಟ್ಟಿದೆ. ನಾಣ್ಯ ಬೇಡವೆಂದು ಎಷ್ಟು ಹೇಳಿದರೂ, ಪುಕ್ಕಟೆ ಕೊಟ್ಟರೆ ಪುಣ್ಯ ಹತ್ತುವುದಿಲ್ಲ ಎಂದು ಜನ ಸ್ಟೂಲಿನ ಮೇಲಿಟ್ಟು ಹೋಗುತ್ತಿದ್ದರು. ಕೋಳಿಗಳು ಅದನ್ನು ಕುಕ್ಕುತ್ತವೆಂದು ಸೆರಗಿನಲ್ಲಿ ಗಂಟು ಹಾಕಿಕೊಳ್ಳುತ್ತಿದ್ದೆ. ಎಲ್ಲಕ್ಕೂ ತಕ್ಕ ಕಾರಣವಿತ್ತು, ನೋಡಿ.

ಗೌರಿ ದುಂಡಗಾದಳು. ಜನ ಕಡಿಮೆಯಾದ ಮಧ್ಯಾಹ್ನಗಳಲ್ಲಿ ಅವಳು ಮೆಲುಕು ಹಾಕುತ್ತಾ ಮಲಗಿದರೆ, ಬೆನ್ನಿನಿಂದ ಸಣ್ಣಗೆ ಹಬೆ ಏಳುತ್ತಿತ್ತು. ಮೋಡದ ನೆರಳು ಬೆಟ್ಟದಿಂದ ಇಳಿದು ಬೇಲಿ ದಾಟಿ ನಮ್ಮಿಬ್ಬರ ಮೇಲೂ ಹಾದು ಹೋಗುತ್ತಿತ್ತು. ನಾನು ಅಲ್ಲೇ ತೂಕಡಿಸುತ್ತಿದ್ದೆ. ದೂರದಲ್ಲಿ ಲೋಕಲ್ ಸದ್ದಾದರೆ ಅವಳು ಏಳುತ್ತಿದ್ದಳು. ಆಮೇಲಾಮೇಲೆ ನಾನೂ.

ಗಣಪತಿ ಹಬ್ಬ ಕಳೆದ ಮೇಲೆ ಒಂದು ಭಾನುವಾರ. ಸಾಲು ಉದ್ದವಾಗಿತ್ತು. ನಾನು ತಲೆಯೆತ್ತದೆ ಕಟ್ಟು ಕೊಡುತ್ತಿದ್ದೆ. ಒಂದು ಊರುಗೋಲು, ಅದರ ಪಕ್ಕದಲ್ಲಿ ಬಿಟ್ಟ ಒಂದು ಜೊತೆ ಸವೆದ ಚಪ್ಪಲಿ ಕಂಡವು. ಆ ಕೈ ಒಂದು ಕಟ್ಟು ತೆಗೆದುಕೊಂಡು ಗೌರಿಗೆ ಹಿಡಿಯಿತು. ಗೌರಿ ತಿಂದಳು, ಆಮೇಲೆ ಆ ಕೈಯನ್ನು ಮೊಣಕೈಯವರೆಗೆ ನೆಕ್ಕಿದಳು. ಯಾರ ಕೈಯನ್ನೂ ಅವಳು ಹಾಗೆ ನೆಕ್ಕಿರಲಿಲ್ಲ. ಆ ಕೈ ಬಹಳ ಹೊತ್ತು ಅವಳ ಎಡಗಿವಿಯ ಕಪ್ಪು ಬೊಟ್ಟನ್ನು ಸವರುತ್ತಾ ಉಳಿಯಿತು.

"ಸರಕಾ ಬಾಯಿ, ಮಾಗೆ ಲೋಕ್ ಆಹೇತ್," ಎಂದೆ ನಾನು. ಆಚೆ ಸರಿಯಮ್ಮ, ಹಿಂದೆ ಜನ ಇದ್ದಾರೆ.

"ಗೌರಿ ಸೊರಗಿಲ್ಲ ವಹಿನಿ," ಎಂದಿತು ದನಿ. "ನೀವೇ ಸ್ವಲ್ಪ ಕಪ್ಪಗಾಗಿದೀರಿ."

ತಲೆಯೆತ್ತಿದರೆ ಸಖೂಬಾಯಿ. ಅವಳು ಕೊಡೆ ನೋಡಿದಳು, ಸ್ಟೂಲು ನೋಡಿದಳು, ಬಾಳೆನಾರಿನ ಕಟ್ಟುಗಳನ್ನು ನೋಡಿದಳು. ಅಷ್ಟರಲ್ಲಿ, ಭಾನುವಾರವಾದರೂ ಟಿಫಿನ್ ಚೀಲ ತಗಲಿಸಿಕೊಂಡು, ಮಂಕಿ ಕ್ಯಾಪಿನಲ್ಲಿ, ಇವರು ಗೇಟಿನಿಂದ ಅವಸರವಾಗಿ ಒಳಬಂದರು.

"ಇವರು ಯಾರು?" ಎಂದಳು ಸಖೂಬಾಯಿ.

"ದಿನದ ಗಿರಾಕಿ," ಎಂದೆ.

ಗೋಶಾಲೆಯ ಮಾತು ಸಖೂಬಾಯಿ ಎತ್ತಲಿಲ್ಲ. ಸೊಂಟದ ಚೀಲ ತಡಕಿ ಒಂದು ನಾಣ್ಯ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಬೇಡವೆಂದು ಹೇಳಲು, ಅವಳನ್ನು ಜಗಲಿಗೆ ಕರೆದು ಕೂರಿಸಲು, ಕಾಫಿ ಕೊಡಲು, ಮುಖ್ಯವಾಗಿ ಇದು ಹೇಗಾಯಿತು ಎಂದು ಕಾನ್ವೆಂಟಿನ ಸಭ್ಯತೆಯಿಂದ ವಿವರಿಸಲು ನಾನು ಬಾಯಿ ತೆರೆದೆ. ಅಷ್ಟರಲ್ಲೇ ನನ್ನ ಕೈ ಆ ನಾಣ್ಯವನ್ನು ಎರಡೂ ಕಣ್ಣಿಗೆ ಒತ್ತಿ, ಸೆರಗಿನಲ್ಲಿ ಗಂಟು ಹಾಕಿ ಮುಗಿಸಿತ್ತು.