ದೋಣಿ ಇಲ್ಲದ ಭಾವನ ಮೂರು ಲಂಗರು

ನಮ್ಮ ಭಾವನ ಹತ್ತಿರ ದೋಣಿ ಇಲ್ಲ. ಲಂಗರು ಮಾತ್ರ ಮೂರಿವೆ! ಓಕ್‌ವಿಲ್‌ನ ಅವರ ಲಿವಿಂಗ್ ರೂಮಿನಲ್ಲಿ, ದೇವರ ಮಂಟಪಕ್ಕೂ ಟೀವಿಗೂ ನಡುವೆ ಮೂರೂ ಸಾಲಾಗಿ ಕುಳಿತಿವೆ. ಬಂದವರು ಕಾಫಿ ಲೋಟ ಹಿಡಿದು ಅವನ್ನೇ ನೋಡುತ್ತಾರೆ. "ಇದೇನು ಸಾರ್?" ಎಂದು ಕೇಳಿದರೋ, ಮುಗಿಯಿತು. ಊಟದ ಹೊತ್ತಿನವರೆಗೂ ಬಿಡುಗಡೆಯಿಲ್ಲ.

ಭಾವ ರಿಟೈರಾದ ಮೇಲೆ ಇಂಗ್ಲೆಂಡಿನಲ್ಲಿರುವ ಅವರ ಸಹಪಾಠಿಯೊಬ್ಬರು ಫೋನು ಮಾಡಿ, "ನನ್ನ ನ್ಯಾರೋಬೋಟು ಸುಮ್ನೆ ನಿಂತಿದೆ ಕಣೋ, ಹೆಂಡ್ತೀನ ಕರ್ಕೊಂಡು ಬಾ, ಒಂದು ವಾರ ಓಡಾಡಿ" ಎಂದರು. ನ್ಯಾರೋಬೋಟು ಎಂದರೆ ರೈಲಿನ ಬೋಗಿಯನ್ನು ಎರಡೂ ಕಡೆಯಿಂದ ಒತ್ತಿ ಸಣ್ಣಗೆ ಮಾಡಿ ನೀರಿಗೆ ಬಿಟ್ಟಂಥದ್ದು. ನಿಂತ ನೀರಿನ ಕಾಲುವೆಯಲ್ಲಿ ಅದು ಸಾಧುಪ್ರಾಣಿ. ಆದರೆ ದಾರಿಯಲ್ಲಿ ಒಂದಷ್ಟು ದೂರ, ಸಮುದ್ರದ ಉಬ್ಬರವಿಳಿತ ತಾಗುವ ನದಿಯಲ್ಲಿ ಹೋಗಬೇಕು. ಅಲ್ಲಿ ಎಂಜಿನ್ ಕೈಕೊಟ್ಟರೆ ನೀರು ಎಳೆದತ್ತ ದೋಣಿ! ಸೇತುವೆಯ ಕಂಬಕ್ಕೆ ಬಡಿಯುವ ಮೊದಲು ನಿಲ್ಲಿಸಲು ಇರುವುದು ಲಂಗರೊಂದೇ.

ಇದನ್ನು ಕೇಳಿದ್ದೇ ತಡ, ಅಕ್ಕ "ನಾ ಬರಲ್ಲ" ಎಂದುಬಿಟ್ಟಳು. ಅವಳಿಲ್ಲದೆ ತರಕಾರಿ ಅಂಗಡಿಗೂ ಹೋಗದ ಭಾವ ಇಂಗ್ಲೆಂಡಿಗೆ ಹೋಗುತ್ತಾರೆಯೇ? ಅಕ್ಕನಿಗೆ ಧೈರ್ಯ ಬರುವಂಥ ಲಂಗರು ಹುಡುಕುವುದೇ ಅವರ ಉದ್ಯೋಗವಾಯಿತು. "ಬೋಟಲ್ಲೇ ಒಂದಿದೆಯಲ್ಲೋ" ಎಂದು ಸಹಪಾಠಿ ಹೇಳಿದರೆ, "ಇನ್ನೊಬ್ಬರ ಲಂಗರು ನಂಬೋಕಾಗುತ್ತಾ?" ಎಂದರು.

ಮೊದಲನೆಯದು ಸ್ಟ್ರೀಟ್ಸ್‌ವಿಲ್‌ನ ಒಂದು ಮನೆಯವರು ಹಳೆ ಸಾಮಾನು ಮಾರುತ್ತಿದ್ದ ಗರಾಜ್ ಸೇಲಿನಲ್ಲಿ ಸಿಕ್ಕಿತು. ಕೊಡೆಯಂತೆ ಮಡಚಬಹುದು, ಕೊಡೆಯಷ್ಟೇ ಹಗುರ. ಎರಡನೆಯದು ನಾಯಿಕೊಡೆ ಆಕಾರದ್ದು. ನೀರು ಸುಮ್ಮನಿದ್ದರೆ ತಾನೂ ಸುಮ್ಮನಿರುತ್ತದೆ, ನೀರು ಹೊರಟರೆ ತಾನೂ ಹೊರಡುತ್ತದೆ. ಮೂರನೆಯದಕ್ಕೆ ಎರಡು ಅಗಲವಾದ ಅಲಗು. ಅದು ಬಂದ ದಿನವೇ ವಾನ್ ಎಂಬ ಊರಿನಲ್ಲಿರುವ ನನಗೆ ಭಾವನಿಂದ ಕರೆ ಬಂತು.

ಯಾಕೆಂದರೆ ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಹಗಲು ಬಟ್ಟೆ ಅಂಗಡಿಯಲ್ಲಿ ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದವಳು. ಆ ಹೆಮ್ಮೆ ನನಗೆ ಇವತ್ತಿಗೂ ಇದೆ, ಮುಚ್ಚಿಡುವುದೇಕೆ? ಭಾವ ಅದನ್ನೇ ಹಿಡಿದುಕೊಂಡು, "ನೀನು ಫಿಸಿಕ್ಸ್ ಓದಿದವಳು, ಬಾ" ಎಂದು ಮಿನಿವ್ಯಾನಿನ ಸ್ಟಿಯರಿಂಗ್ ಹಿಡಿಸಿ, ಹಿಂದೆ ಲಂಗರು ಕಟ್ಟಿದರು. ವ್ಯಾನೇ ದೋಣಿ, ಹಿತ್ತಲಿನ ಲಾನೇ ನದಿಯ ತಳ!

"ಲಂಗರು ಭಾರಕ್ಕೆ ಹಿಡಿಯೋದಲ್ಲ ಕಣಮ್ಮ, ನೆಲ ಅಗೆದು ಹಿಡಿಯೋದು. ಆಳದ ಐದಾರು ಪಟ್ಟು ಹಗ್ಗ ಬಿಡಬೇಕು, ಎಳೆತ ಅಡ್ಡಕ್ಕೆ ಬರಬೇಕು. ಹ್ಞೂಂ, ವ್ಯಾನು ಮೆಲ್ಲಗೆ ಬಿಡು!"

ಮೆಲ್ಲಗೇ ಬಿಟ್ಟೆ. ಲಂಗರು ಲಾನನ್ನು ಉತ್ತುಕೊಂಡು ಬಂದು ಅಕ್ಕನ ಮೆಂತ್ಯದ ಪಾತಿಯಲ್ಲಿ ಗಟ್ಟಿಯಾಗಿ ಕಚ್ಚಿಕೊಂಡಿತು. ಬೇಲಿಯಾಚೆಯ ಮುದುಕ ಇಣುಕಿ, "ಪ್ಲಾಂಟಿಂಗ್ ಪೊಟೇಟೋಸ್?" ಎಂದ.

"ನೋ, ನೋ. ಪಾರ್ಕಿಂಗ್ ಎ ಬೋಟ್!" ಎಂದರು ಭಾವ.

ಆತ ಸುತ್ತ ಒಮ್ಮೆ ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅಕ್ಕ ಬೇರುಸಮೇತ ಎದ್ದ ಮೆಂತ್ಯ ಆರಿಸುತ್ತಾ, "ಲಂಗರಿಗೆ ನೆಲ ಸಿಕ್ತು, ನಂಗೆ ಸಾರಿಗೆ ಸೊಪ್ಪು ಸಿಕ್ತು" ಎಂದಳು.

ಇನ್ನು ನಿಜವಾದ ನೀರಿನಲ್ಲೇ ಪರೀಕ್ಷೆ. ಸ್ನೇಹಿತರೊಬ್ಬರ ಪುಟ್ಟ ಬೋಟು ಸಿಕ್ಕಿತು. ನಮ್ಮೂರ ಪಕ್ಕದ ಸರೋವರದಲ್ಲಿ ಉಬ್ಬರವಿಳಿತ ಎಲ್ಲಿಂದ ಬರಬೇಕು? ಗಾಳಿಯಿದ್ದರೆ ಸಾಕು ಎಂದರು ಭಾವ. ಆದರೆ ಅಂದು ಆಯುಧಪೂಜೆ! ಪೂಜೆಯಿಲ್ಲದೆ ಹೊಸ ಲಂಗರು ನೀರಿಗಿಳಿಯುವುದುಂಟೇ? ಸರಪಳಿಯ ಕೊಂಡಿ ಬಿಚ್ಚಿ, ತೊಳೆದು, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿದರು. ಕೊಂಡಿಯ ಜಾಗದಲ್ಲಿ ಹಾರ ಕುಳಿತಿತ್ತು. ಪೂಜೆಯ ಹೂ ಆಗಲೇ ತೆಗೆಯಬಾರದೆಂದು ಸರಪಳಿಯನ್ನು ತಾತ್ಕಾಲಿಕವಾಗಿ ಹಾರದ ದಾರಕ್ಕೇ ಬಿಗಿದರು. ಆಮೇಲೆ ಮರೆತರು.

ಬೋಟಿನಲ್ಲಿ ಅಕ್ಕ ಸೀರೆಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಲೈಫ್ ಜಾಕೆಟ್ಟು ತೊಟ್ಟು ಕುಳಿತಿದ್ದಳು. ಭಾವ ಎಂಜಿನ್ ಆರಿಸಿ, "ಈಗ 'ನಿಲ್ಲಿಸಿ' ಅನ್ನು" ಎಂದರು ಅಕ್ಕನಿಗೆ.

"ನಿಲ್ಲಿಸಿ."

ಲಂಗರು ಇಳಿಯಿತು. ಗುಳುಂ! ಬೋಟು ತನ್ನ ಪಾಡಿಗೆ ತಾನು ಹೊರಟಿತು. ಭಾವ ಗಾಬರಿಯಿಂದ ಸರಪಳಿ ಎಳೆದರೆ ತುದಿಯಲ್ಲಿ ಒಂದೇ ಒಂದು ಸೇವಂತಿಗೆ!

"ಹೂಪ್ರಸಾದ ಆಯ್ತಲ್ಲ ರೀ!" ಎಂದು ಅಕ್ಕ ನಗತೊಡಗಿದಳು. ನಾನೂ ಹೊಟ್ಟೆ ಹಿಡಿದುಕೊಂಡೆ. ಭಾವ ಮಾತ್ರ ನಗಲಿಲ್ಲ. "ಬಿಡು, ಇನ್ನು ನೀನು ಬರಲ್ಲ" ಎಂದರು.

ಅಕ್ಕನ ನಗು ನಿಂತಿತು. "ಎಂಜಿನ್ ನಿಂತ್ರೆ ಏನ್ ಮಾಡೋದು ಅಂತಾನೇ ನೋಡ್ತಿದ್ದೀರ. ನೀವು ನಿಂತ್ರೆ? ಹೋದ ವರ್ಷ ಎದೆ ಹಿಡ್ಕೊಂಡು ಬಾತ್‌ರೂಮಲ್ಲಿ ಬಿದ್ರಲ್ಲ, ಹಾಗೆ ನದಿ ಮಧ್ಯ ಬಿದ್ರೆ? ನಂಗೆ ದೋಣಿ ನಿಲ್ಲಿಸೋಕೆ ಬರಲ್ಲ ರೀ. ಅದನ್ನ ಕಲಿಸಿ, ಬರ್ತೀನಿ."

ನೀರಿಗೆ ಹೆದರುತ್ತಾಳೆ ಎಂದುಕೊಂಡಿದ್ದೆವು, ನಾವಿಬ್ಬರೂ.

ಮರುವಾರ ಹೋದಾಗ ಮುಳುಗಿದ್ದರ ಬದಲಿಗೆ ಹೊಸ ಲಂಗರೊಂದು ಬಂದಿತ್ತು, ಅಕ್ಕ ಒಬ್ಬಳೇ ಎತ್ತಬಲ್ಲಷ್ಟು ತೂಕದ್ದು. ಹಿತ್ತಲ ಮರದ ಜಗಲಿಯಂಥ ಡೆಕ್ಕಿನ ಮೇಲೆ ಭಾವ ಕುರ್ಚಿಗೊರಗಿ ಕಣ್ಣು ಮುಚ್ಚಿ ಕುಳಿತಿದ್ದರು. "ನಾನಿಲ್ಲ ಅಂದ್ಕೊಂಡು ಮಾಡು."

ಅಕ್ಕ ಹಗ್ಗದ ತುದಿಯನ್ನು ಕಂಬಕ್ಕೆ ಬಿಗಿದಳು. ಕಾಲು ಹಗ್ಗಕ್ಕೆ ಸಿಗದಂತೆ ಸರಿದು ನಿಂತು, ಎಸೆಯದೆ, ನಿಧಾನವಾಗಿ ಲಂಗರನ್ನು ಹುಲ್ಲಿಗೆ ಇಳಿಸಿದಳು. ಎಳೆದು ನೋಡಿದಳು.

"ಹಿಡೀತು ರೀ."

"ನಾನಿಲ್ಲ ಅಂದ್ನಲ್ಲ, ಯಾರನ್ನೇ ಕೂಗ್ತಿದ್ದೀಯ?"

"ಸಾಕು," ಎಂದಳು ಅಕ್ಕ, ಹಗ್ಗ ಬಿಡದೆ. "ಕಣ್ಣು ಬಿಡಿ."