ಗುಲಾಬಿ ಕಂಕಣ

ನೋಡದ ಜಾಗದ ಬಗ್ಗೆ ಮಾತಾಡುವಷ್ಟು ಸುಖ ನೋಡಿದ ಜಾಗದ ಬಗ್ಗೆ ಮಾತಾಡುವುದರಲ್ಲಿ ಇಲ್ಲ. ನೋಡಿದವನಿಗೆ ನೂರೆಂಟು ಅನುಮಾನ. ಹಾಗಿತ್ತೋ ಹೀಗಿತ್ತೋ ಎಂದು ತಡವರಿಸುತ್ತಾನೆ. ನೋಡದವನ ಮಾತು ಮಾತ್ರ ಗುಂಡು ಹೊಡೆದ ಹಾಗೆ ಇರುತ್ತದೆ. ಮಧುಗಿರಿ ಬೆಟ್ಟದ ಬುಡದಲ್ಲೇ ಹುಟ್ಟಿ, ಅದರ ತುದಿಯನ್ನು ಈ ವಯಸ್ಸಿನವರೆಗೂ ಹತ್ತದೆ, ಹತ್ತಲು ಬಂದವರಿಗೆಲ್ಲ ದಾರಿ ಹೇಳಿಕೊಂಡು ಬಂದವನು ನಾನು. ಯಾರೂ ದಾರಿ ತಪ್ಪಿದೆವು ಎಂದು ವಾಪಸು ಬಂದು ಜಗಳವಾಡಿಲ್ಲ. ಆ ಧೈರ್ಯದ ಮೇಲೆಯೇ ಗೋವಾದ ಬಗ್ಗೆಯೂ ಮಾತಾಡಿಬಿಟ್ಟೆ. ಅದೇ ತಪ್ಪಾಯಿತು. ಆ ತಪ್ಪನ್ನು ಪೂರ್ತಿಯಾಗಿ, ಏನೂ ಮುಚ್ಚಿಡದೆ ಒಪ್ಪಿಕೊಳ್ಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಮೊಮ್ಮಗಳು ಸಿಂಚನ ಕಾಲೇಜಿನಲ್ಲಿ ಓದುತ್ತಾಳೆ. ಅವರ ಕಾಲೇಜಿನಿಂದ ಗೋವಾ ಪ್ರವಾಸ ಹೊರಟಿತ್ತು. ನನ್ನ ಮಗ, ಅಂದರೆ ಅವಳ ಅಪ್ಪ, ಎಂದಿನಂತೆ ಜಾರಿಕೊಂಡು, "ತಾತ ಹೂಂ ಅಂದ್ರೆ ಹೋಗು" ಎಂದ. ತಾತ ಹೂಂ ಅನ್ನಲಿಲ್ಲ. ಬಸ್ ಕಂಡಕ್ಟರ್ ಆಗಿದ್ದವನು ನಾನು. ನಿಂತವರನ್ನು ಒಳಕ್ಕೆ ತಳ್ಳಿ ಅಭ್ಯಾಸವಾದ ಗಂಟಲು ಇನ್ನೂ ಹಾಗೇ ಇದೆ. "ಗೋವಾದಲ್ಲಿ ಒಂದು ಬೀದಿ ಐತೆ, ಅಲ್ಲಿ ಹಗಲು ಮಲಗ್ತಾರೆ, ರಾತ್ರಿ ಕುಣೀತಾರೆ. ಮರ್ವಾದಿ ಇರೋರು ಕಾಲಿಡೋ ಜಾಗ ಅಲ್ಲ ಅದು" ಎಂದೆ.

ಸಿಂಚನ ಅಳಲಿಲ್ಲ, ಕೂಗಾಡಲಿಲ್ಲ. "ನೀನು ನೋಡಿದ್ದೀಯಾ ತಾತ?" ಎಂದು ಕೇಳಿದಳು.

"ನೋಡೇ ಹೇಳ್ಬೇಕೇನಮ್ಮಾ? ಗೊತ್ತಾಗಲ್ವಾ?" ಎಂದು ನಾನೇನೋ ಬಾಯಿ ಮುಚ್ಚಿಸಿದೆ. ಆದರೆ ಆ ಪ್ರಶ್ನೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಕಡಲೇಕಾಯಿ ಚೂರಿನ ಹಾಗೆ ಅಲ್ಲೇ ಉಳಿಯಿತು. ಹಗಲೆಲ್ಲಾ ಮಲಗಿದರೆ ಅವರು ಮನೆಗೆಲಸ ಮಾಡುವುದು ಯಾವಾಗ? ಅಡುಗೆ ಯಾರು ಮಾಡುತ್ತಾರೆ? ಬಟ್ಟೆ ಎಲ್ಲಿ ಒಣಗಹಾಕುತ್ತಾರೆ? ಇಂಥ ಪ್ರಶ್ನೆಗಳನ್ನು ನನ್ನ ವಯಸ್ಸಿನವನು ಯಾರ ಹತ್ತಿರ ಕೇಳುವುದು?

ಅಷ್ಟರಲ್ಲಿ ನನ್ನ ತಂಗಿಯ ಮಗ ಮಂಜ ಬಂದ. ತೋವಿನಕೆರೆಯಿಂದ ಎಳನೀರು ತುಂಬಿಕೊಂಡು ಊರೂರಿಗೆ ಗಾಡಿ ಹೊಡೆಯುತ್ತಾನೆ. ಈ ಸಲ ಲೋಡು ಗೋವಾದ ಅದೇ ಬೀದಿಗೆ ಎಂದ. ನಾನು ಹೆಂಡತಿ ಗಂಗಮ್ಮನಿಗೆ, "ಮಂಜನ ಗಾಡೀಲಿ ಹೋಗಿ ಗೋಕರ್ಣ ನೋಡ್ಕೊಂಡು ಬತ್ತೀನಿ" ಎಂದೆ. ಮನೆಯ ಹೊಸ್ತಿಲು ದಾಟುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಪಾಪ, ಅವಳು ದಾರಿಗೆ ಚಿತ್ರಾನ್ನ ಕಟ್ಟಿಕೊಟ್ಟು, "ನನ್ ಹೆಸ್ರಲ್ಲೂ ಒಂದು ಪೂಜೆ ಮಾಡ್ಸಿ" ಎಂದಳು.

ಆ ಬೀದಿಯ ಹೆಸರು ಬೇಡ. ಬೆಳಕು ಹರಿಯುವ ಹೊತ್ತಿಗೆ ಅಲ್ಲಿದ್ದೆವು. ಲೋಡಿನ ಗಾಡಿಗಳನ್ನು ಮುಂಜಾನೆ ಮಾತ್ರ ಒಳಗೆ ಬಿಡುತ್ತಾರಂತೆ. ಎಳನೀರು ಇಳಿಸುವುದು ತಡವಾಯಿತು, ದಾರಿ ಮುಚ್ಚಿದರು. ಇನ್ನು ಮಾರನೆಯ ಮುಂಜಾನೆಯೇ ಬಿಡುಗಡೆ. ಮಂಜ, "ಮಾವ, ನಾನಂತೂ ಮಲೀಕತೀನಿ. ನೀನು ಎಲ್ಲೂ ಕಳ್ದೋಗ್ಬೇಡ" ಎಂದು ಗಾಡಿಯಲ್ಲೇ ಕಾಲು ಚಾಚಿದ. ನಾನು ನೆರಳಿದ್ದ ಒಂದು ಮೆಟ್ಟಿಲ ಮೇಲೆ ಕುಳಿತೆ.

ಹಗಲಿನ ಆ ಬೀದಿ ಮದುವೆ ಮುಗಿದ ಮಾರನೆಯ ದಿನದ ಚಪ್ಪರದ ಹಾಗಿತ್ತು. ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ತಲೆಕೆಳಗೆ ಹಾಕಿದ್ದರು. ನಾಯಿಗಳು ರಸ್ತೆಯ ನಡುವೆ ಮಲಗಿದ್ದವು. ಒಬ್ಬ ವಿದೇಶಿ ಅಂಗಿಯಿಲ್ಲದೆ ಬಂದು ಒಂದು ಎಳನೀರು ಕುಡಿದು, ಗಂಜಿಯನ್ನು ಏನು ಮಾಡಬೇಕೆಂದು ತಿಳಿಯದೆ ಬುರುಡೆ ಬಿಸಾಡಲು ಹೊರಟ. ನಾನು ತಡೆದು, ಚಿಪ್ಪಿನ ಚೂರಿನಿಂದ ಕೆರೆದು ತಿನ್ನುವುದನ್ನು ತೋರಿಸಿದೆ. ತಿಂದ ಮೇಲೆ ನನಗೆ ಕೈ ಮುಗಿದ. ಎದುರುಗಡೆ ದೊಡ್ಡ ಬೋರ್ಡಿನಲ್ಲಿ ಮಿರಮಿರ ಬಟ್ಟೆ ತೊಟ್ಟು ಹಾಡುವ ಹೆಂಗಸಿನ ಚಿತ್ರವಿತ್ತು. ಅದರ ಪಕ್ಕದ ಓಣಿಯಲ್ಲಿ ಅದೇ ಹೆಂಗಸು ತಲೆಗೆ ಎಣ್ಣೆ ಹಚ್ಚಿಕೊಂಡು, ಹಳೇ ನೈಟಿಯಲ್ಲಿ ಕೂತು, ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನಡುವೆ ಪುಟ್ಟ ಮಗಳಿಗೆ ಮಗ್ಗಿ ಒಪ್ಪಿಸೆಂದು ಗದರುತ್ತಿದ್ದಳು. ಬಟ್ಟೆ ಒಣಗಹಾಕುವ ಹಗ್ಗವೂ ಕಂಡಿತು. ಬೋರ್ಡಿನ ಹಿಂದುಗಡೆಗೇ ಕಟ್ಟಿದ್ದರು. ನನಗೆ ಯಾಕೋ ಬಹಳ ಸಮಾಧಾನವಾಯಿತು.

ಸಂಜೆಯಾಯಿತು. ದೀಪಗಳು ಹೊತ್ತಿಕೊಂಡವು. ನಾನು ಕೂತದ್ದು ಜನ ಕುಣಿಯುವ ಕ್ಲಬ್ಬೊಂದರ ಬಾಗಿಲ ಮೆಟ್ಟಿಲಂತೆ. ಅದು ತಿಳಿಯುವ ಹೊತ್ತಿಗೆ ಗಂಗಮ್ಮನ ಫೋನು ಬಂತು.

"ದರ್ಶನ ಆಯ್ತಾ?"

"ಹೂಂ ಕಣೆ, ಚೆನ್ನಾಗಾಯ್ತು" ಎನ್ನುವುದಕ್ಕೂ ಒಳಗಿನಿಂದ ಡಮಡಮ ಎಂದು ಶುರುವಾಗುವುದಕ್ಕೂ ಸರಿಹೋಯಿತು.

"ಅದೇನ್ರೀ ಸದ್ದು?"

"ಮಂಗಳಾರತಿ ಕಣೆ" ಎಂದು ಫೋನ್ ಇಟ್ಟೆ. ತಲೆಯ ಮೇಲೆ ಯಾರೋ ನಕ್ಕರು. ಕಪ್ಪು ಬಟ್ಟೆ ತೊಟ್ಟ, ಬಾಗಿಲಷ್ಟೇ ಅಗಲವಿದ್ದ ಕಾವಲಿನವನು.

"ಏಮಿ ಪೆದ್ದಾಯ್ನಾ, ಎಲ್ಲೈತೆ ಮಂಗಳಾರತಿ? ಯಾವೂರು ನಿಂದು?" ಎಂದ. ಪೆದ್ದಾಯ್ನ ಅಂದರೆ ತೆಲುಗಿನಲ್ಲಿ ಹಿರಿಯ.

"ಮಧುಗಿರಿ ಕಣಪ್ಪಾ."

"ಅರೆ, ನಾನು ಪಾವಗಡ. ಓಬಳೇಶ ಅಂತ. ಇಲ್ಲಿ ಕುಂತ್ರೆ ಓನರ್ ಎಬ್ಬುಸ್ತಾನೆ. ಒಳಗ್ ಬಾ, ಫ್ಯಾನ್ ಕೆಳಗೆ ಕೂಕೋ. ಇದು ಕಟ್ಕೊಂಡ್ರೆ ಯಾರೂ ಏನೂ ಅನ್ನಲ್ಲ" ಎಂದು ನನ್ನ ಮಣಿಕಟ್ಟಿಗೆ ಗುಲಾಬಿ ಬಣ್ಣದ ಪಟ್ಟಿಯೊಂದನ್ನು ಸುತ್ತಿ ಅಂಟಿಸಿದ. ಅದರ ಮೇಲೆ ಏನೋ ಅಕ್ಷರಗಳಿದ್ದವು. ಕನ್ನಡಕ ಗಾಡಿಯಲ್ಲಿತ್ತು.

ಒಳಗೆ ಹೋದೆ. ಸೋಡಾ ಕುಡಿದೆ. ಆ ಡಮಡಮ ಕೇಳಿದರೆ ನಮ್ಮ ಕಡೆಯ ಡೊಳ್ಳೇ. ಹೊಡೆಯುವವನೊಬ್ಬ ಕಾಣಿಸುವುದಿಲ್ಲ, ಅಷ್ಟೇ ವ್ಯತ್ಯಾಸ. ಚಿಕ್ಕಂದಿನಲ್ಲಿ ಕಂಬಳಿ ಹೊದ್ದು ಡೊಳ್ಳಿನ ಹಿಂದೆ ಓಡಿದ ಕಾಲು ಚಪ್ಪಲಿಯೊಳಗೇ ಒಂಚೂರು ಅಲುಗಿರಬಹುದು. ನೋಡಿದೆ. ಎದ್ದು ಬಂದೆ.

ವಾಪಸು ಬರುವಾಗ ಆ ಪಟ್ಟಿಯನ್ನು ಎಳೆದರೆ ಹರಿಯಲಿಲ್ಲ, ನೆನೆಸಿದರೆ ಬಿಡಲಿಲ್ಲ. ಹಲ್ಲಿನಿಂದ ಕಚ್ಚಿದೆ, ಕಟ್ಟಿಸಿಕೊಂಡ ಹಲ್ಲಿನ ಸೆಟ್ಟೇ ಕೈಗೆ ಬಂತು. ಸಿರಾದಲ್ಲಿ ಇಳಿದು ಕತ್ತರಿಸಿಕೊಂಡರಾಯಿತೆಂದು ಕಣ್ಣು ಮುಚ್ಚಿದವನು ಕಣ್ಣು ಬಿಟ್ಟಾಗ ಮಧುಗಿರಿ ಬೆಟ್ಟ ಎದುರಿಗಿತ್ತು. ಮನೆಯಲ್ಲಿ ಕಾಲು ತೊಳೆಯಲು ಅಂಗಿಯ ತೋಳು ಮಡಿಸಿದೆ. ಗಂಗಮ್ಮ ಚೊಂಬು ಹಿಡಿದು ನಿಂತಿದ್ದವಳು, "ಕಂಕಣ ಕಟ್ಟಿದ್ರಾ?" ಎಂದಳು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕೆಮ್ಮಿದೆ. ಅವಳು ಅದಕ್ಕೆ ಅರಿಶಿನ ಕುಂಕುಮ ಹಚ್ಚಿಬಿಟ್ಟಳು.

ದೇವರ ಕಂಕಣ ಕಟ್ಟಿಸಿಕೊಂಡವನು ಅದನ್ನು ಬಿಚ್ಚುವವರೆಗೆ ಮಾಂಸ ತಿನ್ನುವಂತಿಲ್ಲ. ಅವನ ಮನೆಯ ಒಲೆಯ ಮೇಲೂ ಅದು ಬೇಯುವಂತಿಲ್ಲ. ಕಟ್ಟಿದ ಕಡೆಯೇ ಬಿಚ್ಚಿಸಬೇಕು. ಆ ಭಾನುವಾರ ಮುದ್ದೆಯ ಪಕ್ಕಕ್ಕೆ ಮಟನ್ ಸಾರಿನ ಬದಲು ಸೊಪ್ಪಿನ ಬಸ್ಸಾರು ಬಂತು. ಮಗ ತಟ್ಟೆಯನ್ನೊಮ್ಮೆ, ನನ್ನ ಕೈಯನ್ನೊಮ್ಮೆ ನೋಡಿದ. ಸಿಂಚನ ಪಟ್ಟಿಯ ಮೇಲಿನ ಅರಿಶಿನವನ್ನು ಉಗುರಿನಿಂದ ಸರಿಸಿ ಓದಿ, ನನ್ನ ಕಿವಿಯ ಹತ್ತಿರ ಬಂದಳು.

"ತಾತ, ಲೇಡೀಸ್ ಫ್ರೀ ಅಂತ ಐತೆ."

ಪ್ರವಾಸಕ್ಕೆ ಹೆಸರು ಕೊಡಲು ಸೋಮವಾರ ಕೊನೆ. ಇವಳು ಈಗ ಚೌಕಾಸಿ ಮಾಡುತ್ತಾಳೆ ಎಂದುಕೊಂಡೆ. ಅವಳು, "ನಾನ್ ಯಾರ್ಗೂ ಹೇಳಲ್ಲ ಬುಡು" ಎಂದು ಹೋಗಿಬಿಟ್ಟಳು. ಚೌಕಾಸಿ ಮಾಡಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಆದರೂ ಸುಮ್ಮನಿರುತ್ತಿದ್ದೆನೋ ಏನೋ. ಸಂಜೆ ಪಕ್ಕದ ಮನೆಯ ಭಾಗ್ಯಮ್ಮ ತುಂಬು ಬಸುರಿ ಸೊಸೆಯನ್ನು ಕರೆದುಕೊಂಡು ಬಂದಳು. "ಕಂಕಣದ ಕೈ ತಲೆ ಮೇಲಿಟ್ಟು ಹರಸಪ್ಪೋ" ಎಂದಳು. ಆ ಹುಡುಗಿ ತಲೆಬಾಗಿ ನಿಂತಳು. ಪಟ್ಟಿಯಿದ್ದ ಬಲಗೈ ಮೇಲೇಳಲಿಲ್ಲ. ಎಡಗೈಯಿಂದ ಹರಸಿ, ಭುಜ ನೋಯುತ್ತಿದೆ ಎಂದೆ. ಅವರು ಹೋದ ಮೇಲೆ ಗಂಗಮ್ಮನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಮೆಟ್ಟಿಲು, ಸೋಡಾ, ಓಬಳೇಶ, ಅಕ್ಕಿ ಆರಿಸುತ್ತಿದ್ದ ಹೆಂಗಸು, ಒಂದೂ ಬಿಡಲಿಲ್ಲ.

ಅವಳು ಎದ್ದು ಹೋಗಿ ಅಡಕತ್ತರಿ ತಂದಳು. ನನ್ನ ಕೈ ಹಿಡಿದು ಪಟ್ಟಿಯನ್ನು ಕತ್ತರಿಸಿದಳು. ಆಮೇಲೆ ಕೇಳಿದಳು. "ಆ ಹೆಂಗ್ಸಿನ ಮಗು, ಯಾವ ಮಗ್ಗಿ ಹೇಳ್ತಿತ್ತು?"

"ಏಳರ ಮಗ್ಗಿ ಅನ್ಸುತ್ತೆ."

"ಸದ್ಯ, ಓದ್ತೈತಲ್ಲ. ಗಂಡ ಅವ್ನಾ? ರಾತ್ರಿ ಮಗೂನ ಯಾರ್ ನೋಡ್ಕತಾರೆ?" ಅವಳ ಪ್ರಶ್ನೆಗಳು ದೀಪ ಆರಿಸುವವರೆಗೂ ಮುಗಿಯಲಿಲ್ಲ. ಕೊನೆಗೆ, "ನೀವು ಕದ್ದು ನೋಡಿದ್ದನ್ನ ನಮ್ ಹುಡ್ಗಿ ಹೇಳಿ ಹೋಗಿ ನೋಡ್ಲಿ" ಎಂದಳು. ಸೋಮವಾರ ಬೆಳಿಗ್ಗೆ ಸಿಂಚನಳಿಗೆ ಹೂಂ ಅಂದೆ, ಈ ಸಲ ಸ್ವಲ್ಪ ಸಣ್ಣ ಗಂಟಲಿನಲ್ಲಿ. ಗಂಗಮ್ಮ ಓಬಳೇಶನಿಗೆಂದು ಹುರಿದ ಕಡಲೇಕಾಯಿಯ ಗಂಟು ಕಟ್ಟಿ, "ನಮ್ ಕಡೆ ಹುಡ್ಗ, ಏನ್ ತಿಂತಾನೋ ಪಾಪ. ಆ ಬಾಗಿಲಲ್ಲಿ ಕೊಟ್ಬುಟ್ಟು ಬಾ" ಎಂದು ಅವಳ ಚೀಲಕ್ಕೆ ತುರುಕಿದಳು.

ಮೊನ್ನೆ ಸಂಜೆ ಗೋವಾದಿಂದ ಸಿಂಚನಳ ಫೋನು ಬಂತು. ಗಂಗಮ್ಮ ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಒತ್ತಿದಳು. ಮಗ, ಸೊಸೆ, ಭಾಗ್ಯಮ್ಮ, ಎಲ್ಲರೂ ಸುತ್ತ ಕೂತಿದ್ದೆವು. ಸಿಂಚನ ಫೋನನ್ನು ಓಬಳೇಶನ ಕೈಗೆ ಕೊಟ್ಟಳು.

"ಅಮ್ಮಾ, ಕಡ್ಲೆಕಾಯಿ ಶಾನೆ ಚೆನ್ನಾಗವೆ. ಪೆದ್ದಾಯ್ನ ಅವ್ರಾ? ಅವತ್ತು ಟವಲ್ ತಲೇಗ್ ಕಟ್ಕೊಂಡು ಡೊಳ್ಳಿನ ಹೆಜ್ಜೆ ಹಾಕಿದ್ರಲ್ಲ, ಇಲ್ಲಿ ಎಲ್ಲಾರೂ ಸುತ್ತ ನಿಂತ್ಕೊಂಡು ಕಲ್ತ್ರು. ಆ ಹಾಡೋ ಅಕ್ಕ ಕೇಳ್ತಾನೇ ಅವ್ಳೆ, ಮತ್ತೆ ಯಾವಾಗ ಬತ್ತಾರೆ ಅಂತ."

ಫೋನು ಕಟ್ಟಾಯಿತು. ಗಂಗಮ್ಮ ನನ್ನ ಕಡೆ ತಿರುಗಿ, ನಿಧಾನವಾಗಿ, "ಮಂಗಳಾರತಿಗೆ ಯಾವ ಹೆಜ್ಜೆ ಹಾಕುದ್ರಿ?" ಎಂದು ಕೇಳಿದಳು.

ನಾನು ಮಣಿಕಟ್ಟಿನ ಕಡೆ ನೋಡಿಕೊಂಡೆ. ನನ್ನನ್ನು ಕಾಪಾಡುವುದಕ್ಕೆ ಅಲ್ಲಿ ಕಂಕಣವೂ ಉಳಿದಿರಲಿಲ್ಲ.